ಬೆಳಕಿಂಡಿಯ ಕೆಳಗೊಂದು ದೆವ್ವದ ಮನೆ

ಏಳನೇ ಇಯತ್ತೆಯ ಪರೀಕ್ಷೆ ಮುಗಿದ ಮೂರನೆಯ ದಿನ ಸೋಲಾಪುರದಿಂದ ಮಾಮಾ ಬಂದ. ಅವ್ವನ ಕೊನೆಯ ತಮ್ಮ. ಅಲ್ಲಿ ಚಾದರ ನೇಯುವ ಮಿಲ್ಲೊಂದರಲ್ಲಿ ಅವನಿಗೆ ಕೆಲಸ. ಮಾಲು ತೋರಿಸಲು ಆಗಾಗ ಮುಂಬಯಿಗೆ ಹೋಗಿಬರುತ್ತಿದ್ದ. ನಮ್ಮೂರು ಸಿಂದಗಿಗೆ ಎಂದೂ ಬರಿಗೈಯಲ್ಲಿ ಬಂದವನಲ್ಲ. ಆದರೆ ಅವನು ತರುವ ಸಾಮಾನಿಗೆ ಏನಾದರೊಂದು ಕೊರತೆ ಇದ್ದೇ ಇರುತ್ತಿತ್ತು. ಹಿಂದಿನ ವರ್ಷ ತಂದ ಗೋಡೆ ಗಡಿಯಾರದಲ್ಲಿ ಗಂಟೆಗೊಮ್ಮೆ ಒಂದು ಹಕ್ಕಿ ಹೊರಗೆ ಬಂದು ಕೂಗುತ್ತಿತ್ತು, ಒಳಗೆ ಮಾತ್ರ ಹೋಗುತ್ತಿರಲಿಲ್ಲ. ರೊಟ್ಟಿ ಬಡಿಯುವುದನ್ನು ಬಿಟ್ಟು ಅವ್ವ ಎದ್ದು ಬಂದು ಅದನ್ನು ಬೆರಳಿನಿಂದ ಒಳಗೆ ನೂಕಬೇಕಾಗಿತ್ತು.

ಈ ಸಲ ಅವನ ಚೀಲದಿಂದ ಹೊರಬಂದದ್ದು ಸಾಬೂನಿನ ಡಬ್ಬಿಗಿಂತ ತುಸು ದೊಡ್ಡದಾದ ಬೂದು ಬಣ್ಣದ ಪೆಟ್ಟಿಗೆ. ಮೇಲೆ ಪುಟ್ಟ ಪರದೆ, ಕೆಳಗೆ ಎಡಕ್ಕೆ ಕೂಡಿಸುವ ಚಿಹ್ನೆಯಂಥ ಒಂದು ಗುಂಡಿ, ಬಲಕ್ಕೆ ಕೆಂಪು ಗುಂಡಿಗಳೆರಡು. ಬೆನ್ನಿನಲ್ಲಿ ನಾಲ್ಕು ಸೆಲ್ಲು ಹಾಕುವ ಜಾಗವಿತ್ತು. ಅದರ ಮುಚ್ಚಳ ಕಳೆದುಹೋಗಿದ್ದರಿಂದ ಯಾರೋ ರಬ್ಬರ್ ಬ್ಯಾಂಡ್ ಸುತ್ತಿದ್ದರು.

"ಕೈಯಾಗ ಹಿಡಕೊಂಡು ಆಡೂ ಗೇಮ್ ಇದು" ಎಂದ ಮಾಮಾ. "ಮುಂಬೈದಾಗ ದೊಡ್ಡವರ ಮಕ್ಕಳು ಆಡ್ತಾರ."

"ಎಷ್ಟ ಗೇಮ್ ಅದಾವ ಇದರಾಗ?"

"ಒಂದ ಕ್ಯಾಸೆಟ್ ಸಿಕ್ಕೈತಿ."

"ಯಾವುದು?"

ಮಾಮಾ ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ದೆವ್ವಿಂದು."

"ನೀ ಆಡೀದಿ ಏನು?"

"ನಂಗ ಟೈಮ್ ಎಲ್ಲಿ ಸಿಗತೈತಿ" ಎಂದು ಎದ್ದು ಕೈಕಾಲು ತೊಳೆಯಲು ಹೋದ. ಎರಡು ದಿನ ಇದ್ದ. ಆ ಎರಡು ದಿನವೂ ನಾನು ಆ ಪೆಟ್ಟಿಗೆ ಹಿಡಿದು ಹತ್ತಿರ ಹೋದಾಗಲೆಲ್ಲ ಅವನಿಗೆ ಹೊರಗೆ ಏನೋ ಕೆಲಸ ನೆನಪಾಗುತ್ತಿತ್ತು.

ಈ ಸಾಮಾನಿನ ಕೊರತೆ ಏನೆಂದು ನನಗೆ ಮೊದಲ ದಿನವೇ ತಿಳಿಯಿತು. ಪರದೆಯಲ್ಲಿ ಬೆಳಕೇ ಇರಲಿಲ್ಲ. ಪಾಚಿಗಟ್ಟಿದ ನೀರಿನಂಥ ಹಸಿರು ಗಾಜು, ಅದರ ಮೇಲೆ ಕಪ್ಪು ಗೆರೆಗಳು. ನಮ್ಮ ಮನೆಯ ಬಲ್ಬಿನ ಕೆಳಗೆ ಹಿಡಿದರೆ ಬಲ್ಬು ಕಾಣುತ್ತಿತ್ತು, ಆಟ ಕಾಣುತ್ತಿರಲಿಲ್ಲ. ಆ ಆಟವೋ ಕತ್ತಲೆಯ ಬಂಗಲೆಯೊಂದರಲ್ಲಿ ಕತ್ತಲೆಯ ಕೋಣೆಗಳನ್ನು ಹೊಕ್ಕು ಹೊರಬರುವುದು. ಹೀಗಾಗಿ ಆ ಕತ್ತಲೆಯನ್ನು ಕಣ್ಣಿಂದ ಕಾಣಬೇಕೆಂದರೆ ನಮ್ಮ ಸೀಮೆಯ ಏಪ್ರಿಲ್ ತಿಂಗಳ ಬಿಸಿಲೇ ಬೇಕಾಗಿತ್ತು.

ಮಾಳಿಗೆಯ ಮೇಲೆ ಹೋಗಿ ಕೂತೆ. ಕಾಲು ಗಂಟೆಯಲ್ಲಿ ಪೆಟ್ಟಿಗೆ ಹಂಚಿನಂತೆ ಕಾದು ಕೈಯಲ್ಲಿ ಹಿಡಿಯಲಾಗಲಿಲ್ಲ. ಅವ್ವ ಕೆಳಗಿನಿಂದಲೇ ಕೂಗಿದಳು: "ತಲಿ ಸುಟಗೊಂಡು ಹುಚ್ಚ ಹಿಡಿಸಿಕೊಂಡ್ರ ನಾ ಯಾವ ದವಾಖಾನಿಗೆ ಒಯ್ಯಲಿ? ಇಳಿ ಕೆಳಗ."

ಇಳಿದು ಬಂದಾಗ ಪರಿಹಾರ ಪಡಸಾಲೆಯ ನೆಲದ ಮೇಲೇ ಬಿದ್ದಿತ್ತು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಕಿಟಕಿ ಕಡಿಮೆ, ಒಳಗೆ ಹಗಲಲ್ಲೂ ನಸುಗತ್ತಲೆ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರೊಳಗಿಂದ ಬಿಸಿಲಿನ ಒಂದು ಚೌಕ ಒಳಗೆ ಬಿದ್ದು ದಿನವಿಡೀ ಮನೆಯಲ್ಲಿ ಓಡಾಡುತ್ತಿತ್ತು. ಹತ್ತು ಗಂಟೆಗೆ ಪಡುವಣ ಗೋಡೆಯ ಮೇಲೆ, ಹನ್ನೊಂದಕ್ಕೆ ಜೋಳದ ಚೀಲಗಳ ಮೇಲೆ, ಹನ್ನೆರಡು ದಾಟುವ ಹೊತ್ತಿಗೆ ನೆಲದ ಮಧ್ಯೆ ಬೀಸುಕಲ್ಲಿನ ಪಕ್ಕ. ನಾನು ಪೆಟ್ಟಿಗೆ ಹಿಡಿದು ಅದರ ಹಿಂದೆ ಹಿಂದೆ ಸರಿಯುತ್ತಿದ್ದೆ. ಗೋಡೆಗೆ ನಿಂತು ಆಡುತ್ತಿದ್ದೆ, ಚೀಲ ಹತ್ತಿ ಆಡುತ್ತಿದ್ದೆ, ಮಧ್ಯಾಹ್ನಕ್ಕೆ ಬೀಸುಕಲ್ಲಿಗೆ ಬೆನ್ನು ಕೊಟ್ಟು ಕೂತು ಆಡುತ್ತಿದ್ದೆ.

ಹಗಲಲ್ಲಿ ದೆವ್ವದ ಆಟ ಆಡಿದರೆ ಎಂಥ ಹೆದರಿಕೆ ಎಂದು ಅನ್ನಿಸಬಹುದು. ಆ ಹೊತ್ತಿನ ಸಿಂದಗಿಯನ್ನು ನೋಡಿದವರು ಹಾಗೆ ಅನ್ನಲಾರರು. ಮಟಮಟ ಮಧ್ಯಾಹ್ನ ಓಣಿಯಲ್ಲಿ ಒಂದು ನಾಯಿಯೂ ಇರುತ್ತಿರಲಿಲ್ಲ. ಅಂಗಡಿಗಳ ಬಾಗಿಲು ಅರ್ಧ ಮುಚ್ಚಿ, ಊರೇ ಉಸಿರು ಹಿಡಿದು ಮಲಗಿದಂತೆ ಇರುತ್ತಿತ್ತು. ಆ ಮೌನದಲ್ಲಿ ಪೆಟ್ಟಿಗೆಯಿಂದ ಬಾಗಿಲು ಕಿರುಗುಟ್ಟುವ ಸದ್ದು ಬಂದರೆ ನಮ್ಮ ಮನೆಯ ಬಾಗಿಲನ್ನೇ ತಿರುಗಿ ನೋಡಬೇಕು ಅನ್ನಿಸುತ್ತಿತ್ತು.

ಕಥೆ ಇಷ್ಟು. ಒಬ್ಬ ಯುವಕ ಕಾಣೆಯಾದ ತಮ್ಮನನ್ನು ಹುಡುಕುತ್ತ ಊರಾಚೆಯ ಹಳೆಯ ಬಂಗಲೆಗೆ ಬರುತ್ತಾನೆ. ಪರದೆಯ ಕೆಳಗೆ ಐದು ಇಂಗ್ಲಿಷ್ ಶಬ್ದ: ನೋಡು, ತೆಗೆದುಕೋ, ತೆರೆ, ಬಳಸು, ಮಾತಾಡು. ಯಾವುದನ್ನು ಒತ್ತಿದರೂ ಎರಡು ಸಾಲು ಇಂಗ್ಲಿಷ್ ಮೂಡುತ್ತಿತ್ತು. ನಾನು ಕನ್ನಡ ಸಾಲಿಯವಳು, ಐದನೇ ಇಯತ್ತೆಯಿಂದ ಎಬಿಸಿಡಿ ಕಲಿತವಳು. ಅಪ್ಪನ ಹಳೆಯ ನಿಘಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಸಾಲು ಬಿಡಿಸುತ್ತಿದ್ದೆ. ಅರ್ಥ ಹತ್ತುವುದರೊಳಗೆ ಬಿಸಿಲಿನ ಚೌಕ ಮುಂದೆ ಹೋಗಿಬಿಟ್ಟಿರುತ್ತಿತ್ತು.

ಆ ಬಂಗಲೆಯ ಮೆಟ್ಟಿಲಲ್ಲಿ ಒಬ್ಬ ಹೆಂಗಸು ನಿಲ್ಲುತ್ತಿದ್ದಳು. ಬಿಳಿ ಬಟ್ಟೆ, ಮುಖದ ತುಂಬ ಕೂದಲು. ಅವಳು ಕಂಡ ಕೂಡಲೇ ಓಡಬೇಕು. ಓಡದಿದ್ದರೆ ಪರದೆ ಕಪ್ಪಾಗಿ, ಯುವಕ ಮತ್ತೆ ತಲಬಾಗಿಲಲ್ಲಿ ನಿಂತಿರುತ್ತಿದ್ದ.

ಬೀಸುಕಲ್ಲಿನ ಪಕ್ಕದ ಜಾಗ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ಅವಳ ತವರು ಇಂಡಿ ತಾಲ್ಲೂಕಿನ ಹಲಸಂಗಿ, ಅಲ್ಲಿಯ ದೊಡ್ಡ ವಾಡೆಯೊಂದರಲ್ಲಿ ಬೆಳೆದವಳು. ಊಟವಾದ ಮೇಲೆ ಮೊರದಲ್ಲಿ ಜೋಳ ಹಾಕಿಕೊಂಡು ಕಲ್ಲು ಆರಿಸುತ್ತ ಕೂಡುತ್ತಿದ್ದಳು. ಆರಿಸಲು ಅವಳಿಗೂ ಅದೇ ಬಿಸಿಲು ಬೇಕಾಗಿತ್ತು. ಮೂರು ನಾಲ್ಕು ದಿನ ಸುಮ್ಮನೆ ನೋಡಿದಳು. ಆಮೇಲೆ ಕೇಳಿದಳು.

"ಏನ ಅದು, ಒಂದ ಸವನ ಕುಂಯ್ ಕುಂಯ್ ಅನ್ನಾಕತ್ತೈತಿ?"

"ಗೇಮ್, ಆಯಿ. ಒಬ್ಬಾಂವ ದೆವ್ವದ ಮನ್ಯಾಗ ಹೊಕ್ಕಾನ. ತಮ್ಮನ್ನ ಹುಡುಕಾಕತ್ತಾನ."

"ಮನಿಯವರನ್ನ ಕೇಳಿ ಹೊಕ್ಕಾನೋ ಇಲ್ಲೋ?"

"ಮನ್ಯಾಗ ಯಾರೂ ಇಲ್ಲ. ಹೆಣ್ಣ ದೆವ್ವ ಅಷ್ಟ ಐತಿ."

"ಹಂಗಾರ ಯಾರೋ ಅದಾರ ಅಂತಾತು. ಅಕಿನ್ನರ ಕೇಳಬೇಕಿಲ್ಲ?"

ನಾನು ಆಟ ಮುಂದುವರಿಸಿದೆ. ಮೇಲಿನ ಮಲಗುವ ಕೋಣೆಯಲ್ಲಿ ಮಂಚದ ಪಕ್ಕ ಒಂದು ಬಾಚಣಿಗೆ ಬಿದ್ದಿತ್ತು, ಅದನ್ನು ಎತ್ತಿ ಯುವಕನ ಚೀಲಕ್ಕೆ ಹಾಕಿಕೊಂಡೆ. ಪೆಟ್ಟಿಗೆ ಟಿಣ್ ಎಂದಿತು.

"ಈಗೇನ ಮಾಡಿದಿ?"

"ಹಣಿಗಿ ಸಿಕ್ತು. ತಗೊಂಡ್ನಿ."

"ಯಾರ ಹಣಿಗಿ?"

"ಯಾರಿಗೊತ್ತು."

"ಮಂದಿ ಹಣಿಗಿ ತಗೊಂಡು ಏನ ಮಾಡ್ತಿ? ಇಟ್ಟ ಬಾ."

"ಇಡಾಕ ಬರೂದಿಲ್ಲ ಆಯಿ. ಈ ಆಟದಾಗ ಕಂಡದ್ದೆಲ್ಲಾ ತಗೋಬೇಕು. ಮುಂದ ಯಾವುದಕ್ಕರ ಬೇಕಾಗತೈತಿ."

"ಹಂಗಾರ ಕಳ್ಳರ ಆಟ ಅನ್ನು" ಎಂದು ಆಯಿ ಮೊರವನ್ನು ಒಮ್ಮೆ ಕೇರಿದಳು. ಆದರೆ ಮರುದಿನ ಊಟವಾದ ಮೇಲೆ ಮೊರ ಹಿಡಿದು ಬಂದು ತಾನಾಗಿಯೇ ಕೇಳಿದಳು: "ತಮ್ಮ ಸಿಕ್ಕನೇನು?"

ಅಂದಿನಿಂದ ನಾವಿಬ್ಬರು ಆಡತೊಡಗಿದೆವು. ಗುಂಡಿ ಒತ್ತುವುದು, ಇಂಗ್ಲಿಷ್ ಓದುವುದು ನನ್ನ ಕೆಲಸ. ತಪ್ಪು ಹುಡುಕುವುದು ಅವಳ ಕೆಲಸ. ಅವಳ ಸಲಹೆಗಳು ಮೊದಮೊದಲು ಒಂದೂ ಉಪಯೋಗಕ್ಕೆ ಬರಲಿಲ್ಲ. ಮೆಟ್ಟಿಲ ಹೆಂಗಸಿಗೆ ಉಪ್ಪು ಮೆಣಸಿನಕಾಯಿ ಇಳಿಸಿ ಒಗೆ ಎಂದಳು. ಚೀಲದಲ್ಲಿ ಉಪ್ಪೂ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ. ಹೊಸ್ತಿಲಲ್ಲಿ ಕಸಬರಿಗೆ ಅಡ್ಡ ಇಡು ಎಂದಳು. ಪುಣ್ಯಕ್ಕೆ ಕಸಬರಿಗೆ ಇತ್ತು, ಇಟ್ಟೆ. "ಕಸಬರಿಗೆ ಇಲ್ಲಿ ಬಳಸುವಂತಿಲ್ಲ" ಎಂದು ಆಟ ಹೇಳಿತು. "ಅಂಥಾ ದೊಡ್ಡ ಮನಿ ಕಟಗೊಂಡು ಕಸಬರಿಗಿ ಬಳಸೂದು ಗೊತ್ತಿಲ್ಲ" ಎಂದಳು ಆಯಿ.

ಜೂನ್‌ನಲ್ಲಿ ಸಾಲಿ ಶುರುವಾಯಿತು. ಇಂಗ್ಲಿಷ್ ಮಾಸ್ತರರು ಮೊದಲ ವಾರದಲ್ಲೇ ಹಲಗೆಯ ಮೇಲೆ 'ಬಾಗಿಲು' ಎಂಬುದರ ಇಂಗ್ಲಿಷ್ ಶಬ್ದ ಬರೆದು, ಸ್ವಂತ ವಾಕ್ಯ ಮಾಡಿ ಎಂದರು. ಎಲ್ಲರೂ ಬಾಗಿಲು ತೆರೆ, ಬಾಗಿಲು ಮುಚ್ಚು ಎಂದು ಹೇಳಿ ಕೂತರು. ನನ್ನ ಸರದಿ ಬಂದಾಗ ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದೆ: "ಬಾಗಿಲಿಗೆ ಕೀಲಿ ಬಿದ್ದಿದೆ. ಬಾಗಿಲ ಹಿಂದೆ ಯಾರೋ ಉಸಿರಾಡುತ್ತಿದ್ದಾರೆ."

ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟರು. "ಯಾರು ಉಸಿರಾಡಾಕತ್ತಾರ?"

"ಗೊತ್ತಿಲ್ರಿ ಸರ್. ನಾನೂ ಅಲ್ಲೇ ನಿಂತೇನ್ರಿ."

ವರ್ಗವೆಲ್ಲ ನಕ್ಕಿತು. ಮಾಸ್ತರರು ನಗಲಿಲ್ಲ. ಜೇಡರ ಬಲೆ, ನೆಲಮಾಳಿಗೆ, ತುಕ್ಕು ಹಿಡಿದ ಎಂಬ ಶಬ್ದಗಳ ಸ್ಪೆಲಿಂಗ್ ಕೇಳಿದರು. ಮೂರನ್ನೂ ಸರಿ ಹೇಳಿದೆ. ನೀರು, ಹಾಲು, ಸೋಮವಾರ ಕೇಳಿದಾಗ ಸೋಮವಾರ ತಪ್ಪಿತು. "ನಿನ್ನ ಇಂಗ್ಲೀಷ್ ಒಂದ ಬ್ಯಾರೇ ಊರಾಗ ಕಲತಂಗ ಐತಿ" ಎಂದರು. ಆ ವರ್ಷವಿಡೀ ವರ್ಗದ ಬಾಗಿಲು ಗಾಳಿಗೆ ಕಿರ್ ಎಂದಾಗಲೆಲ್ಲ ಒಮ್ಮೆ ನನ್ನ ಕಡೆ ನೋಡುತ್ತಿದ್ದರು.

ಆದರೆ ಆಟ ನಿಂತುಹೋಗಿತ್ತು. ಮೇಲಿನ ಕೋಣೆಗಳೆಲ್ಲ ಮುಗಿದು ಅಡುಗೆಮನೆಗೆ ಬಂದಿದ್ದೆ, ಅಲ್ಲಿಂದ ಮುಂದೆ ದಾರಿಯೇ ಇರಲಿಲ್ಲ. ಒಲೆ ನೋಡಿದೆ, ಕಪಾಟು ತೆರೆದೆ, ಗೋಡೆ ಬಡಿದೆ. ಎಲ್ಲಕ್ಕೂ "ವಿಶೇಷವೇನೂ ಇಲ್ಲ" ಎಂಬ ಒಂದೇ ಉತ್ತರ. ಇಡೀ ಸಿಂದಗಿಯಲ್ಲಿ ಈ ಆಟ ಬಲ್ಲವರು ಇನ್ನೊಬ್ಬರಿಲ್ಲ. ಕೊನೆಗೆ ಸೋಲಾಪುರಕ್ಕೆ ಫೋನ್ ಹಚ್ಚಿಸಿದೆ.

"ಮಾಮಾ, ಅಡಗಿಮನಿಯಿಂದ ಮುಂದ ಹೆಂಗ ಹೋಗೂದು?"

"ಅಡಗಿಮನಿ ತನಕ ಹೋಗೀದಿ?"

"ನೀ ಎಲ್ಲೀತನಕ ಹೋಗಿದ್ದಿ?"

"ನಾ ಮೆಟ್ಲದ ಹತ್ರನ ಬಂದ್ ಮಾಡ್ನಿ" ಎಂದ. "ಆ ಹೆಂಗಸು ಇಳಿದು ಬಂದ್ಲು ನೋಡು, ಆವತ್ತಿಂದ ರೂಮಿನಾಗ ಲೈಟ್ ಹಚ್ಚೇ ಮಲಗ್ತೇನಿ. ನಿಮ್ಮವ್ವಗ ಹೇಳಬ್ಯಾಡ."

ಅವ್ವ ನನ್ನ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

ಮುಂದಿನ ಭಾನುವಾರ ಆಯಿ ನನ್ನ ಕೈಯಿಂದ ಪೆಟ್ಟಿಗೆ ಕಸಿದು ಪಕ್ಕಕ್ಕಿಟ್ಟಳು. "ಆ ಮನಿ ಹೆಂಗ ಐತಿ, ನೆಲದ ಮ್ಯಾಲ ತೋರಸು" ಎಂದಳು. ಮೊರದಿಂದ ಜೋಳ ತೆಗೆದು ಗೆರೆ ಹಾಕುತ್ತ ಹೋದೆ. ಇದು ತಲಬಾಗಿಲು, ಇದು ಮೆಟ್ಟಿಲು, ಇದು ಊಟದ ಕೋಣೆ, ಇದು ಅಡುಗೆಮನೆ. ಆಯಿ ಬಗ್ಗಿ ನೋಡಿದಳು. ಹೊಸ ಬೀಗರ ಮನೆ ನೋಡಲು ಹೋದವರು ನೋಡುವ ಹಾಗೆ ನೋಡಿದಳು.

"ಇಷ್ಟ ದೊಡ್ಡ ಮನಿ, ಹಗೇವು ಎಲ್ಲೈತಿ?"

ಹಗೇವು ಎಂದರೆ ಕಾಳು ತುಂಬಿಡಲು ನೆಲದೊಳಗೆ ತೋಡಿದ ಕಣಜ. ಈಗ ಎಲ್ಲ ಕಡೆ ಮುಚ್ಚಿಹೋಗಿವೆ. ಆಯಿಯ ತವರಿನ ವಾಡೆಯಲ್ಲಿ ಆಳು ನಿಂತರೆ ಮುಳುಗುವಷ್ಟು ಆಳದ ಹಗೇವು ಎರಡಿದ್ದವಂತೆ.

"ಇದು ಫಾರಿನ್ ಮನಿ ಆಯಿ. ಹಗೇವು ಎಲ್ಲಿಂದ ಬರಬೇಕು?"

"ಅವರೇನ ಕಾಳ ತಿನ್ನೂದಿಲ್ಲೇನು? ಅಡಗಿಮನಿ ನೆಲ ನೋಡು. ನೆಲದ ಮ್ಯಾಲ ಏನರ ಹಾಸ್ಯಾರೇನು?"

ಹಾಸಿದ್ದರು. ಒಲೆಯ ಮುಂದೆ ಒಂದು ಚಾಪೆಯಂಥದು ಇತ್ತು. ನಾನು ಅದರ ಮೇಲೆ ನೂರು ಸಲ ಓಡಾಡಿದ್ದೆ, ಒಮ್ಮೆಯೂ ಅದನ್ನು ನೋಡಿರಲಿಲ್ಲ. ಚಾಪೆಯ ಮೇಲೆ ನಿಂತು 'ತೆಗೆದುಕೋ' ಒತ್ತಿದೆ. ಅಡಿಯಲ್ಲಿ ಕಬ್ಬಿಣದ ಉಂಗುರವಿದ್ದ ಹಲಗೆ.

ಎರಡು ತಿಂಗಳ ಮೇಲೆ ಆಟ ಮುಂದೆ ಹೋಗಿತ್ತು. ನಾನು ಆನಂದದಲ್ಲಿ ಹಲಗೆ ತೆಗೆದು ನೇರ ಕೆಳಗಿಳಿದೆ. ಎರಡು ಸಾಲು ಮೂಡಿದವು, ಪರದೆ ಕಪ್ಪಾಯಿತು, ಯುವಕ ಮತ್ತೆ ತಲಬಾಗಿಲಲ್ಲಿ ನಿಂತಿದ್ದ.

"ಏನಾತು?"

ನಿಘಂಟು ತೆರೆದೆ. "ಒಳಗಿನ ಗಾಳಿ ಕೆಟ್ಟೈತಂತ. ಉಸಿರ ಕಟ್ಟಿ ಸತ್ತ."

"ಸಾಯಾಕಬೇಕು" ಎಂದಳು ಆಯಿ. "ಹಗೇವು ತಗದ ಕೂಡಲೇ ಯಾವ ಶ್ಯಾಣ್ಯಾ ಇಳೀತಾನ? ಮೊದಲ ಕಂದೀಲ ಇಳಿಸಿ ನೋಡಬೇಕು. ದೀಪ ಆರಿದ್ರ ಇಳಿಯಾಕ ಹೋಗಬಾರದು."

ಅವಳು ಚಿಕ್ಕವಳಿದ್ದಾಗ ಹೀಗೆಯೇ ಅವಸರ ಮಾಡಿ ಇಳಿದ ಆಳೊಬ್ಬನನ್ನು ಹಗ್ಗ ಹಾಕಿ ಎಳೆದು ಬೇವಿನ ಗಿಡದ ಕೆಳಗೆ ಮಲಗಿಸಿದ್ದರಂತೆ. ಎಲ್ಲರೂ ಅಳುತ್ತ ಸುತ್ತ ನಿಂತಿದ್ದಾಗ ಅವನು ಕಣ್ಣು ಬಿಟ್ಟು, "ಜ್ವಾಳಕ್ಕ ಹುಳ ಬಿದ್ದಿಲ್ಲರಿ" ಎಂದು ವರದಿ ಒಪ್ಪಿಸಿದನಂತೆ.

ನನ್ನ ಚೀಲದಲ್ಲಿ ಬೇಸಿಗೆಯಿಂದಲೂ ಒಂದು ಕಂದೀಲು, ಒಂದು ಹಗ್ಗ ಯಾತಕ್ಕೆಂದು ಗೊತ್ತಿಲ್ಲದೆ ಬಿದ್ದಿದ್ದವು. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿದೆ. ದೀಪ ಆರಿತು. "ತಗದಿಟ್ಟು ಅತ್ತಿತ್ತ ಅಡ್ಡ್ಯಾಡಿ ಬಾ. ಗಾಳಿ ಆಡಲಿ" ಎಂದಳು. ಬಂಗಲೆಯನ್ನೆಲ್ಲ ಒಂದು ಸುತ್ತು ಹಾಕಿ, ಮೆಟ್ಟಿಲಲ್ಲಿ ಆ ಹೆಂಗಸಿನಿಂದ ತಪ್ಪಿಸಿಕೊಂಡು ಬಂದು ಮತ್ತೆ ಇಳಿಸಿದೆ. ಈ ಸಲ ದೀಪ ಆರಲಿಲ್ಲ. ಆಯಿ ಜೋಳವನ್ನು ಸ್ವಲ್ಪ ಜೋರಾಗಿ ಕೇರಿದಳು.

ಇಳಿದೆ. ಕೆಳಗೆ ಉದ್ದನೆಯ ಓಣಿ, ಕೊನೆಯಲ್ಲಿ ಗೋಡೆ. ಗೋಡೆಯ ಹತ್ತಿರ ಹೋಗಿ ತಿರುಗಿದರೆ ಹಿಂದೆ ಆ ಹೆಂಗಸು ನಿಂತಿದ್ದಳು. ಪರದೆಯ ತುಂಬ ಅವಳ ಕೂದಲು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಅವ್ವನ ಕೈಯಿಂದ ತಾಟು ಬಿತ್ತು. ನಾನು ಚೀರಿದೆ. ಪೆಟ್ಟಿಗೆ ಕೈಬಿಟ್ಟು ಜೋಳದ ರಾಶಿಯಲ್ಲಿ ಬಿತ್ತು.

ಆಯಿ ಅದನ್ನು ಎತ್ತಿ, ಸೆರಗಿನಿಂದ ಒರೆಸಿ, ನನ್ನ ಕೈಗೆ ಕೊಟ್ಟಳು. "ಓಡಾಕ ದಾರಿ ಐತೇನು?"

"ಇಲ್ಲ. ಹಿಂದ ಗ್ವಾಡಿ ಐತಿ."

"ಹಂಗಾರ ಮಾತಾಡು."

'ಮಾತಾಡು' ಎಂಬುದನ್ನು ನಾನು ಅದುವರೆಗೆ ಆ ಹೆಂಗಸಿನ ಮುಂದೆ ಒಮ್ಮೆಯೂ ಒತ್ತಿರಲಿಲ್ಲ. ದೆವ್ವದ ಜೊತೆ ಮಾತಾಡಬಹುದೆಂದು ನನಗೆ ಹೊಳೆದಿರಲಿಲ್ಲ. ಒತ್ತಿದೆ. ಸಾಲೊಂದು ಮೂಡತೊಡಗಿತು. ಅಷ್ಟರಲ್ಲಿ ಪಡಸಾಲೆಯೇ ಮಬ್ಬಾಯಿತು. ಬೆಳಕಿಂಡಿಯ ಮೇಲೆ ಮೋಡ ಬಂದಿತ್ತು.

"ಏನಂದ್ಲು?"

"ಕಾಣವಲ್ದು ಆಯಿ."

ಆಯಿ ಅವ್ವನನ್ನು ಕೂಗಿ ಬ್ಯಾಟರಿ ದೀಪ ತರಲು ಹೇಳಿದಳು. ಅವ್ವ ಬ್ಯಾಟರಿ ತಂದು ಗುಂಡಿ ಒತ್ತಿದಳು, ಹತ್ತಲಿಲ್ಲ. ಅದರ ಸೆಲ್ಲುಗಳನ್ನು ನಾನು ಎಂದೋ ತೆಗೆದು ಪೆಟ್ಟಿಗೆಗೆ ಹಾಕಿದ್ದೆ. ಉಳಿದೆರಡು ರೇಡಿಯೋದವು, ಅದು ಅವಳಿಗೆ ಇನ್ನೂ ಗೊತ್ತಿರಲಿಲ್ಲ. ಬಯ್ಯಲು ಬಾಯಿ ತೆರೆದವಳನ್ನು ಆಯಿ ಕೈ ಮಾಡಿ ತಡೆದಳು. "ಆಮ್ಯಾಲ ಬೈಯುವಂತಿ. ಈಗ ಕೂಡು. ಅಕಿ ಏನೋ ಹೇಳಾಕತ್ತಾಳ."

ಮೂವರೂ ಬೆಳಕಿಂಡಿಯನ್ನು ನೋಡುತ್ತ ಕೂತೆವು. ಶ್ರಾವಣದ ಮೋಡ, ನಮ್ಮಲ್ಲಿ ಮಳೆ ಸುರಿಸದಿದ್ದರೂ ಸೂರ್ಯನನ್ನು ಮರೆಮಾಡಲು ಅದಕ್ಕೆ ಬೇಸರವಿಲ್ಲ. ಅಂದು ಮಳೆಯನ್ನು ಬೇಡದೆ ಬಿಸಿಲನ್ನು ಬೇಡಿದವರು ಆ ತಾಲ್ಲೂಕಿನಲ್ಲಿ ನಾವು ಮೂವರೇ ಇರಬೇಕು. ಬಹಳ ಹೊತ್ತಿನ ಮೇಲೆ ಚೌಕ ಮತ್ತೆ ನೆಲಕ್ಕೆ ಬಿತ್ತು. ಓದಿದೆ.

"ನನ್ನ ಹಣಿಗಿ ಎಲ್ಲಿ ಅಂತ ಕೇಳಾಕತ್ತಾಳ."

ಆಯಿ ನನ್ನನ್ನು ನೋಡಿದಳು. "ಕೊಡು" ಎಂದಳು.

ಕೊಟ್ಟೆ. ಹೆಂಗಸು ನಮಗೆ ಬೆನ್ನು ತಿರುಗಿಸಿ ಕೂತು, ನಿಧಾನಕ್ಕೆ ತಲೆ ಬಾಚಿಕೊಳ್ಳತೊಡಗಿದಳು. ಅಷ್ಟು ದಿನ ನಾವು ಹೆದರಿದ್ದ ಆ ಕೂದಲು ಬಾಚಿಕೊಂಡ ಮೇಲೆ ಸಾದಾ ಕೂದಲಾಯಿತು. ಗೋಡೆಯಲ್ಲಿ ಒಂದು ಬಾಗಿಲು ತೆರೆಯಿತು. ಯುವಕ ಹೊರಗೆ ಬಂದು ಬಯಲಿನಲ್ಲಿ ನಿಂತ. "ನಿನ್ನ ತಮ್ಮ ಇಲ್ಲಿದ್ದ. ಈಗ ಇಲ್ಲ" ಎಂದು ಎರಡು ಸಾಲು. ಆಮೇಲೆ ಮುಕ್ತಾಯ ಎಂದು ಬಂತು.

"ಇಲ್ಲ ಅಂದ್ರ? ಊರಿಗೆ ಹೋದ್ನೋ, ಸತ್ತನೋ?"

"ಹೇಳಿಲ್ಲ ಆಯಿ. ಮುಗದೈತಿ."

"ಹೆಂಗ ಮುಗೀತೈತಿ? ಏಪ್ರಿಲ್ ತಿಂಗಳಿಂದ ಕುಂಡ್ರಿಸಿಕೊಂಡು ಹಿಂಗ ಮುಗಸ್ತಾರೇನು?" ಆಯಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಮೊರ ಎತ್ತಿಕೊಂಡು ಒಳಗೆ ಹೋದಳು. ಆ ದಿನ ಸಂಜೆಯವರೆಗೆ ನನ್ನೊಡನೆ ಮಾತಾಡಲಿಲ್ಲ, ಆಟ ಬರೆದವಳು ನಾನೇ ಎಂಬಂತೆ. ಅವ್ವ ಮಾತ್ರ ರೇಡಿಯೋ ಹಚ್ಚಲು ಹೋಗಿ, ಆಯಿಯ ಪಾಲಿನದನ್ನೂ ಸೇರಿಸಿ ಮಾತಾಡಿದಳು.

ವಾರದೊಳಗೆ ಓಣಿಯ ಹೆಂಗಸರು ಶಾವಿಗೆ ಹೊಸೆಯಲು ನಮ್ಮ ಪಡಸಾಲೆಯಲ್ಲಿ ಕೂಡಿದರು. ಕೈ ಕೆಲಸದಲ್ಲಿರುವಾಗ ಬಾಯಿಗೂ ಏನಾದರೂ ಬೇಕಲ್ಲ. ಆಯಿ ಆ ಬಂಗಲೆಯ ಕಥೆ ತೆಗೆದಳು. ತಾನೇ ಹೋಗಿ ಬಂದವಳಂತೆ ಹೇಳಿದಳು. ಮೆಟ್ಟಿಲು, ಚಾಪೆ, ಹಗೇವು, ಕಂದೀಲು, ಎಲ್ಲವೂ ಇದ್ದವು. ಹೆಂಗಸರ ಕೈ ನಿಧಾನವಾಯಿತು. "ಯಾವ ಊರಾಗ್ರಿ ಆಯಿ, ಆ ಮನಿ?" ಎಂದು ಪಕ್ಕದ ಮನೆಯ ವೈನಿ ಕೇಳಿದಳು. "ದೂರ ಐತಿ" ಎಂದಳು ಆಯಿ.

ಬಾಚಣಿಗೆ ಕೊಟ್ಟ ಮೇಲೆ ಕಥೆ ನನಗೆ ಗೊತ್ತಿಲ್ಲದ ಕಡೆ ತಿರುಗಿತು. ಆ ಹೆಣ್ಣುಮಗಳ ಮುಖ ತೊಳೆಸಿ, ಹಣೆಗೆ ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸಿದರಂತೆ. ಹೋಗುವಾಗ ಅವಳು ತಮ್ಮ ಇರುವ ಜಾಗ ತೋರಿಸಿದಳಂತೆ. ಅವನು ಸೊರಗಿ ಕಡ್ಡಿಯಾಗಿದ್ದನಂತೆ. ಅಣ್ಣತಮ್ಮಂದಿರು ಮನೆಗೆ ಬಂದು ಹೋಳಿಗೆ ಉಂಡರಂತೆ. ಕೇಳುತ್ತಿದ್ದವರೆಲ್ಲ ಸಮಾಧಾನದ ಉಸಿರು ಬಿಟ್ಟು ಮತ್ತೆ ಶಾವಿಗೆಗೆ ಕೈ ಹಾಕಿದರು.

ನನಗೆ ತಡೆಯಲಾಗಲಿಲ್ಲ. "ಹಂಗಿಲ್ಲ ಆಯಿ. ತಮ್ಮ ಸಿಗೂದೇ ಇಲ್ಲ. ನಾನ ಓದೇನಲ್ಲ."

ಆಯಿ ತಿರುಗಿಯೂ ನೋಡಲಿಲ್ಲ. "ನಿಂಗ ಇನ್ನಾ ಪೂರಾ ಇಂಗ್ಲೀಷ್ ಬರೂದಿಲ್ಲ" ಎಂದಳು. "ಸುಮ್ನ ಕೂಡು."